ಕುಪ್ಪಿ ಆಚಾರಿಗಳ ನಾಲ್ಕನೆಯ ಶೆಡ್ಡು

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಲ್ಲಿ, ನೀರ್ಚಾಲಿನ ಆಸುಪಾಸಿನಲ್ಲಿ, ಅಡಿಕೆ ತೋಟವೊಂದಕ್ಕೆ ತಾಗಿಕೊಂಡು ಒಂದು ಶೆಡ್ಡು ಇದೆ. ಸೊಂಟದೆತ್ತರದ ಮುರಕಲ್ಲಿನ ಗೋಡೆ, ಅದರ ಮೇಲೆ ಕಬ್ಬಿಣದ ಜಾಲರಿ, ತಲೆಯ ಮೇಲೆ ಹಂಚು, ನಾಮಫಲಕವಿಲ್ಲ. ಪ್ರಯೋಗಾಲಯದ ಗಾಜಿನ ಉಪಕರಣಗಳನ್ನು ಊದಿ ಮಾಡುವ, ಒಡೆದದ್ದನ್ನು ಬೆಸೆದು ಕೊಡುವ ಕುಶಲಕರ್ಮಿಯೊಬ್ಬರು ಅಲ್ಲಿ ಒಬ್ಬಂಟಿಯಾಗಿ ಕೆಲಸ ಮಾಡುತ್ತಾರೆ. ಅವರ ತಂದೆ ಚಿನ್ನದ ಕೆಲಸದವರಾಗಿದ್ದುದರಿಂದ 'ಆಚಾರಿ' ಎಂಬುದು ಮನೆತನದಿಂದ ಬಂದದ್ದು. ಕನ್ನಡ, ತುಳು, ಮಲಯಾಳ ಮೂರರಲ್ಲಿಯೂ ನಮ್ಮ ಊರಿನವರು ಸೀಸೆಗೆ ಹೇಳುವ 'ಕುಪ್ಪಿ' ಎಂಬ ಶಬ್ದವನ್ನು ಅದರ ಮುಂದೆ ಸೇರಿಸಿದವರು ನೆರೆಕರೆಯ ಮಕ್ಕಳು. ಈಗ ದೊಡ್ಡವರೂ ಹಾಗೆಯೇ ಕರೆಯುತ್ತಾರೆ, ಅವರಿಗೂ ಅದರಲ್ಲಿ ಬೇಸರವಿಲ್ಲ.

ರಸಾಯನಶಾಸ್ತ್ರದ ಅಧ್ಯಾಪಕಿಯಾಗಿ ನಾನು ಅವರ ಗಿರಾಕಿಯಾಗಿ ಹದಿನೆಂಟು ವರ್ಷಗಳಾದವು. ಗಾಜಿನ ಕೆಲಸವನ್ನು ಇವರಿಗೆ ಕೊಡಬಹುದೇ ಎಂದು ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಬೇರೆ ಬೇರೆ ಕಾಲೇಜುಗಳ ಪ್ರಯೋಗಾಲಯದವರು ಈಚೆಗೆ ಮೇಲಿಂದ ಮೇಲೆ ಕೇಳುತ್ತಿರುವುದರಿಂದ ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಒಡೆದ ಉಪಕರಣದ ದುರಸ್ತಿಗೆ, ಚಿಕ್ಕ ಅಳತೆಯ ಹೊಸ ಉಪಕರಣಗಳಿಗೆ, ಅಂಗಡಿಯಲ್ಲಿ ಸಿಗದ ವಿಶೇಷ ಜೋಡಣೆಗಳಿಗೆ ಇಲ್ಲಿಗೆ ನಿಶ್ಚಿಂತೆಯಿಂದ ಹೋಗಬಹುದು. ದೊಡ್ಡ ಪಾತ್ರೆಗಳಿಗೆ, ಅವಸರದ ಕೆಲಸಕ್ಕೆ ಮತ್ತು ಲೆಕ್ಕಪತ್ರ ವಿಭಾಗ ಒಪ್ಪುವಂತಹ ಬಿಲ್ಲು ಬೇಕಾದವರಿಗೆ ಇದು ತಕ್ಕ ಸ್ಥಳವಲ್ಲ. ಈ ತೀರ್ಮಾನಕ್ಕೆ ಕಾರಣಗಳು ಶೆಡ್ಡಿನೊಳಗೆ ಕಾಣುವುದಕ್ಕಿಂತ ಹೆಚ್ಚಾಗಿ, ಇಲ್ಲಿಗೆ ಬರುವ ಮೊದಲು ಅವರು ದುಡಿದ ಮೂರು ಕಾರ್ಯಾಗಾರಗಳಲ್ಲಿವೆ. ಅವುಗಳಲ್ಲಿ ಒಂದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಉಳಿದೆರಡನ್ನು ಅವರ ಬಾಯಿಂದ ಕೇಳಿದ್ದೇನೆ.

ಅದಕ್ಕೆ ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಗಾಜು ಊದುವವರು ಎಂದೊಡನೆ ಬಣ್ಣದ ಹೂದಾನಿಯನ್ನೋ ಬಳೆಯನ್ನೋ ನಿರೀಕ್ಷಿಸಿಕೊಂಡು ಬರುವವರಿದ್ದಾರೆ. ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಕುಲುಮೆಯೊಳಗೆ ಕರಗಿದ ಗಾಜನ್ನು ಎಳೆಯಾಗಿ ಎಳೆದು, ತಿರುಗುವ ಉರುಳೆಗೆ ಸುರುಳಿಯಾಗಿ ಸುತ್ತಿ, ಕತ್ತರಿಸಿ, ಆಮೇಲೆ ಒಂದೊಂದು ಬಳೆಯ ತುದಿಗಳನ್ನೂ ದೀಪದ ಉರಿಯಲ್ಲಿ ಕೂಡಿಸುತ್ತಾರೆ. ಅದು ಬೇರೆಯೇ ಲೋಕ. ನಮ್ಮ ಆಚಾರಿಗಳ ಬಳಿ ಗಾಜು ಕರಗಿಸುವ ಕುಲುಮೆಯಿಲ್ಲ. ಕಾರ್ಖಾನೆಯಲ್ಲಿ ತಯಾರಾಗಿ ಬಂದ, ಬಿಸಿಗೆ ಸುಲಭವಾಗಿ ಒಡೆಯದ ಬೋರೋಸಿಲಿಕೇಟ್ ಗಾಜಿನ ಕೊಳವೆಗಳನ್ನು ಅಡುಗೆ ಅನಿಲ ಮತ್ತು ಆಮ್ಲಜನಕದ ಜ್ವಾಲೆಯಲ್ಲಿ ಮೆದುಗೊಳಿಸಿ, ಬಾಗಿಸಿ, ಉಬ್ಬಿಸಿ, ಬೆಸೆಯುವುದು ಅವರ ಕೆಲಸ. ಬಾಟಲಿ, ಕಿಟಕಿಗಳ ಸಾಮಾನ್ಯ ಸೋಡಾ ಗಾಜು ಪ್ರಯೋಗಾಲಯದ ಬುನ್ಸೆನ್ ಬರ್ನರಿನಲ್ಲಿಯೇ ಬಾಗುತ್ತದೆ. ಬೋರೋಸಿಲಿಕೇಟ್ ಮೆದುವಾಗತೊಡಗಲು ಸುಮಾರು 820 ಡಿಗ್ರಿ ಸೆಲ್ಸಿಯಸ್ ಬೇಕು, ಬೆಸೆಯಲು ಇನ್ನೂ ಬಹಳ ಹೆಚ್ಚು ಬಿಸಿ ಬೇಕು. ಬರಿಯ ಗಾಳಿಯಿಂದ ಅಷ್ಟು ಉರಿ ಹುಟ್ಟುವುದಿಲ್ಲ.

ಮೊದಲನೆಯ ಕಾರ್ಯಾಗಾರ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರದು. ತಂದೆಯ ಅಗ್ಗಿಷ್ಟಿಕೆಯ ಮುಂದೆ ಊದುಗೊಳವೆ ಹಿಡಿದು ಬೆಳೆದ ಹುಡುಗನಿಗೆ ಉಸಿರನ್ನು ತಡೆತಡೆದು ಬಿಡುವುದು ಹೊಸತಾಗಿರಲಿಲ್ಲವಂತೆ. ಹೊಸತಾಗಿದ್ದದ್ದು ತಿರುಗಿಸುವಿಕೆ. ಎರಡೂ ಕೈಯಲ್ಲಿ ಒಂದೊಂದು ಕೊಳವೆ ಹಿಡಿದು, ನಡುವಿನ ಗಾಜು ಮೇಣದಂತೆ ಮೆತ್ತಗಾದ ಮೇಲೂ ಎರಡು ಕೈಗಳು ಒಂದೇ ವೇಗದಲ್ಲಿ ತಿರುಗಬೇಕು. ಒಂದು ಕೈ ತುಸು ಹಿಂದೆ ಬಿದ್ದರೂ ಬೆಸುಗೆ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ಮೊದಲ ವರ್ಷವೆಲ್ಲ ಉರಿಯಿಲ್ಲದೆಯೇ, ನಡುವೆ ಬಟ್ಟೆ ಕಟ್ಟಿದ ಎರಡು ಕೋಲುಗಳನ್ನು ತಿರುಗಿಸುವ ಅಭ್ಯಾಸ ಮಾಡಿಸಿದರೆಂದು ಅವರು ಹೇಳುತ್ತಾರೆ. ಅಲ್ಲಿ ಗಾಜನ್ನು ಹಿಡಿದು ಸಮವಾಗಿ ತಿರುಗಿಸುವ ಲೇತ್ ಯಂತ್ರ ಇತ್ತು, ವಿದ್ಯುತ್ ಒಲೆ ಇತ್ತು, ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಉಳಿದಿದ್ದರೆ ಕಿಡಿ ಹಾರಿಸಿ ತೋರಿಸುವ ಟೆಸ್ಲಾ ಕಾಯಿಲ್ ಇತ್ತು. ಆಗಿನ ಮೇಲ್ವಿಚಾರಕರು ಕೊಟ್ಟ ಅಂಥ ಒಂದು ಹಳೆಯ ಕಾಯಿಲ್ ಈಗಲೂ ನೀರ್ಚಾಲಿನ ಶೆಡ್ಡಿನ ಮೊಳೆಯಲ್ಲಿ ತೂಗುತ್ತಿದೆ. ದುರಸ್ತಿಯಾದ ವಸ್ತುವನ್ನು ಗಿರಾಕಿಯ ಕೈಗೆ ಕೊಡುವ ಮೊದಲು ಅದನ್ನು ತಪ್ಪದೆ ಬಳಸುತ್ತಾರೆ.

ಎರಡನೆಯದು ಮಂಗಳೂರಿನ ನಿಯಾನ್ ಫಲಕದ ಅಂಗಡಿ. ಹುದ್ದೆ ಕಾಯಂ ಆಗದ ಕಾರಣ ಊರಿನ ಹತ್ತಿರಕ್ಕೆ ಬಂದವರಿಗೆ ಸಿಕ್ಕಿದ ಕೆಲಸ ಅದು. ಎಲ್‌ಇಡಿ ಬರುವುದಕ್ಕೆ ಮುಂಚೆ ಬಟ್ಟೆ ಅಂಗಡಿ, ಸಿನಿಮಾ ಮಂದಿರಗಳ ಮೇಲೆ ಕೆಂಪಗೆ ಉರಿಯುತ್ತಿದ್ದ ಅಕ್ಷರಗಳನ್ನು ಓದುಗರು ಮರೆತಿರಲಾರರು. ನಿಯಾನ್ ಅನಿಲ ತುಂಬಿದರೆ ಕೆಂಪು-ಕಿತ್ತಳೆ, ಆರ್ಗಾನಿನೊಂದಿಗೆ ಪಾದರಸದ ಹನಿ ಸೇರಿಸಿದರೆ ನೀಲಿ. ಅಕ್ಷರದ ನಕ್ಷೆಯನ್ನು ತಿರುವುಮುರುವಾಗಿ ಬರೆದು ಮೇಜಿನ ಮೇಲೆ ಹಾಸಿ, ಉದ್ದನೆಯ ಕೊಳವೆಯನ್ನು ಉರಿಯಲ್ಲಿ ಮೆತ್ತಗೆ ಮಾಡಿ ಅದರ ಮೇಲೆಯೇ ಬಾಗಿಸುತ್ತಾರೆ. ಬಾಗಿಸುವಾಗ ರಬ್ಬರ್ ನಳಿಗೆಯಿಂದ ಹದವಾಗಿ ಊದದಿದ್ದರೆ ಬಾಗಿದ ಕಡೆ ಕೊಳವೆ ಚಪ್ಪಟೆಯಾಗಿಬಿಡುತ್ತದೆ. ಇಂಗ್ಲಿಷಿನ ಐ, ಎಲ್, ಟಿ ಅಕ್ಷರಗಳಲ್ಲಿ ಬಾಗು ಕಡಿಮೆ. ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ನೆಟ್ಟಗಿನ ಗೆರೆಯೇ ಅಪರೂಪವಾದ್ದರಿಂದ ಒಂದೊಂದು ಅಕ್ಷರವೂ ಒಂದು ಪರೀಕ್ಷೆ. "ಮಂಗಳಗೌರಿ ಎಂದು ಬರೆಯಲು ಹೇಳಿದವರಿಗೆ ನಾನು ಹೆಚ್ಚು ಹಣ ಕೇಳಬೇಕಿತ್ತು, ಟೀಚರೇ" ಎಂದು ಅವರು ಒಮ್ಮೆ ನಕ್ಕಿದ್ದರು. ಈ ಅಂಗಡಿಯ ಬಗ್ಗೆ ಅವರಿಗೆ ಅಂಥ ಅಭಿಮಾನವೇನೂ ಇಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಅವರ ಕೈಯ ಅತ್ಯುತ್ತಮ ಗುಣ ಅಲ್ಲಿಯೇ ಬಂದದ್ದು. ಅದರ ಪುರಾವೆಯನ್ನು ಮುಂದೆ ಕೊಡುತ್ತೇನೆ.

ಮೂರನೆಯದು ಅದೇ ಊರಿನ ಒಂದು ಓಣಿಯಲ್ಲಿ ಅವರು ಸ್ವಂತವಾಗಿ ಹಾಕಿಕೊಂಡ, ಒಂದು ಮೇಜು ಮತ್ತು ಎರಡು ಸಿಲಿಂಡರ್ ಹಿಡಿಯುವಷ್ಟೇ ಜಾಗದ ಗೂಡು. ಹಳೆಯ ಮುಂಡುಗಳಲ್ಲಿ ಸುತ್ತಿದ ಗಾಜನ್ನು ಮಡಿಲಲ್ಲಿ ಇಟ್ಟುಕೊಂಡು, ಕಾಸರಗೋಡಿನಿಂದ ಗಡಿಯ ತಲಪಾಡಿ ದಾಟಿ ಬಸ್ಸಿನಲ್ಲಿ ನಾನು ಹೋಗುತ್ತಿದ್ದದ್ದು ಅಲ್ಲಿಗೆ. ನಾನು ಪೆಟ್ಟು ತಿಂದದ್ದೂ ಅಲ್ಲಿಯೇ. ಅವರಿಂದ ಮಾಡಿಸಿದ ಮೊದಲ ಲೀಬಿಗ್ ಕಂಡೆನ್ಸರ್, ಅಂದರೆ ಆವಿಯನ್ನು ತಣಿಸಿ ದ್ರವವಾಗಿಸುವ ಉಪಕರಣ, ನೋಡಲು ಕಾರ್ಖಾನೆಯದಕ್ಕಿಂತ ಅಂದವಾಗಿತ್ತು. ಮೂರು ವಾರ ಸರಿಯಾಗಿ ಕೆಲಸ ಮಾಡಿದ ಅದು, ಒಂದು ಬೆಳಗ್ಗೆ ಯಾರೂ ಮುಟ್ಟದಿದ್ದಾಗ, ಸ್ಟ್ಯಾಂಡಿನ ಮೇಲೆ ಇದ್ದ ಹಾಗೆಯೇ ಟಿಣ್ಣೆಂದು ಸದ್ದು ಮಾಡಿ ಒಳಬೆಸುಗೆಯ ಸುತ್ತ ಸೀಳಿಹೋಯಿತು. ನಾನು ಸಿಟ್ಟಿನಿಂದಲೇ ತುಂಡುಗಳನ್ನು ತೆಗೆದುಕೊಂಡು ಹೋದೆ. ಅವರು ಅವನ್ನು ಬೆಳಕಿಗೆ ಹಿಡಿದು ನೋಡಿ, "ಇದು ಮೂರು ವಾರ ನಿಂತದ್ದೇ ಹೆಚ್ಚು" ಎಂದು ತಮ್ಮ ಕೆಲಸದ ಮೇಲೆ ತಾವೇ ತೀರ್ಪು ಕೊಟ್ಟರು. ಹಣ ಹಿಂದಿರುಗಿಸಿದರು.

ಕಾರಣವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಗಾಜಿನ ಯಾವ ಕಾರ್ಯಾಗಾರವನ್ನು ಅಳೆಯಬೇಕಾದರೂ ಇದೇ ಅಳತೆಗೋಲು. ಲೀಬಿಗ್ ಕಂಡೆನ್ಸರಿನಲ್ಲಿ ಒಂದು ಕೊಳವೆ ಇನ್ನೊಂದರೊಳಗೆ ತೂರಿ ಹೋಗುತ್ತದೆ. ಎರಡೂ ಕೂಡುವ ವರ್ತುಲದ ಬೆಸುಗೆಯಲ್ಲಿ ಹೊರಗಿನ ಗಾಜು ಕೆಂಪಗೆ ಕಾದಿರುವಾಗ ಒಳಗಿನ ಕೊಳವೆ ಅಷ್ಟು ಕಾದಿರುವುದಿಲ್ಲ. ಆರುವಾಗ ಒಂದು ಭಾಗ ಮೊದಲು ಕುಗ್ಗಿ ಇನ್ನೊಂದನ್ನು ಎಳೆಯುತ್ತದೆ, ಗಾಜಿನೊಳಗೆ ಕಣ್ಣಿಗೆ ಕಾಣದ ಬಿಗಿತ ಸಿಕ್ಕಿಹಾಕಿಕೊಳ್ಳುತ್ತದೆ. ಇಡೀ ಉಪಕರಣವನ್ನು ಒಲೆಯಲ್ಲಿಟ್ಟು ಸುಮಾರು 560 ಡಿಗ್ರಿಗೆ ಏರಿಸಿ, ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲಿಸಿ, ಬಹಳ ನಿಧಾನವಾಗಿ ಆರಿಸಿದರೆ ಆ ಬಿಗಿತ ಸಡಿಲವಾಗುತ್ತದೆ. ಬೆಂಗಳೂರಿನಲ್ಲಿ ಇದು ದಿನನಿತ್ಯದ ಕ್ರಮವಾಗಿತ್ತು. ಓಣಿಯ ಗೂಡಿನಲ್ಲಿ ಒಲೆಗೆ ಜಾಗವೂ ಇರಲಿಲ್ಲ, ವಿದ್ಯುತ್ ಸಂಪರ್ಕವೂ ಸಾಲುತ್ತಿರಲಿಲ್ಲ. ಆದ್ದರಿಂದ ಆಮ್ಲಜನಕವನ್ನು ಕಡಿಮೆ ಮಾಡಿ, ಹೊಗೆಯುಗುಳುವ ಹಳದಿ ಉರಿಯಲ್ಲಿ ಬೆಸುಗೆಯನ್ನು ಮಸಿ ಹಿಡಿಯುವವರೆಗೆ ಆಡಿಸಿ ಆರಲು ಬಿಡುತ್ತಿದ್ದರು. ನೇರ ಬೆಸುಗೆಗೆ ಆ ಹಳೆಯ ಉಪಾಯ ಸಾಕು, ಒಳಬೆಸುಗೆಗೆ ಸಾಲದು. ಅಂದರೆ ಬೆಸೆಯುವ ಕೈಯಲ್ಲಿ ಯಾವ ದೋಷವೂ ಇರಲಿಲ್ಲ, ಆ ಗೂಡು ಮಾತ್ರ ಆ ಕೈಗೆ ತಕ್ಕುದಾಗಿರಲಿಲ್ಲ. ಇದನ್ನು ಅವರು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಬೇಕಿತ್ತು ಎಂಬ ನನ್ನ ಆಕ್ಷೇಪ ಇಂದಿಗೂ ಹಾಗೆಯೇ ಇದೆ.

2020ರ ಮಾರ್ಚಿನಲ್ಲಿ ಕೋವಿಡ್ ಭಯದಿಂದ ಕರ್ನಾಟಕ-ಕೇರಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಕಾಸರಗೋಡಿನವರಿಗೆ ಮಂಗಳೂರು ರಾತ್ರೋರಾತ್ರಿ ಪರದೇಶವಾಯಿತು. ರೋಗಿಗಳಿಗೇ ದಾರಿ ಸಿಗದ ಆ ದಿನಗಳಲ್ಲಿ ಗಾಜಿನವರ ಕಷ್ಟವನ್ನು ಯಾರು ಕೇಳುತ್ತಾರೆ? ಮನೆ ಈಚೆ, ಮೇಜು ಆಚೆ ಎಂಬಂತಾದ ಮೇಲೆ ಅವರು ಓಣಿಯ ಗೂಡನ್ನು ಬಿಟ್ಟುಕೊಟ್ಟು, ದನಗಳಿಲ್ಲದೆ ಖಾಲಿಯಿದ್ದ ಹಟ್ಟಿಯನ್ನು ಶೆಡ್ಡಾಗಿ ಮಾರ್ಪಡಿಸಿದರು. ಅದು ಒಂದು ಹದಕ್ಕೆ ಬರುವಷ್ಟರಲ್ಲಿ, 2021ರ ಏಪ್ರಿಲ್ 22ರಿಂದ, ಕೋವಿಡ್ ರೋಗಿಗಳಿಗೆ ಬೇಕೆಂದು, ಒಂಬತ್ತು ವಲಯಗಳನ್ನು ಬಿಟ್ಟು ಉಳಿದ ಕೈಗಾರಿಕೆಗಳಿಗೆ ಆಮ್ಲಜನಕದ ಪೂರೈಕೆಯನ್ನು ಕೇಂದ್ರ ಸರ್ಕಾರ ನಿಲ್ಲಿಸಿತು. ತಮ್ಮಲ್ಲಿದ್ದ ತುಂಬಿದ ಸಿಲಿಂಡರನ್ನೂ ಯಾರಿಗೋ ಕೊಟ್ಟು, ಕೆಲವು ತಿಂಗಳು ಅಡಿಕೆ ಸುಲಿದರು. ಆ ಬಿಡುವಿನಲ್ಲಿ ಅವರು ಮಾಡಿದ ಮುಖ್ಯ ಕೆಲಸವೆಂದರೆ ಒಲೆ ಕಟ್ಟಿದ್ದು.

ಈ ಒಲೆಯೇ ನಾಲ್ಕನೆಯ ಶೆಡ್ಡಿನ ಜೀವ. ಅಗ್ನಿ ಇಟ್ಟಿಗೆಯ ಪೆಟ್ಟಿಗೆ, ಸುರುಳಿ ತಂತಿ, ತಾಪಮಾನ ಹೇಳುವ ಥರ್ಮೋಕಪಲ್, ಏರಿಳಿತವನ್ನು ನಿಯಂತ್ರಿಸುವ ಒಂದು ಚಿಕ್ಕ ಯಂತ್ರ, ಇಷ್ಟೇ. ಬೆಸುಗೆಯಾದ ಎಲ್ಲ ವಸ್ತುಗಳನ್ನೂ ಸಂಜೆ ಅದರೊಳಗೆ ಇಟ್ಟರೆ ಮರುದಿನ ಬೆಳಗ್ಗೆ ತೆಗೆಯುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಭರವಸೆಯಿಲ್ಲದಿರುವಾಗ ಇದು ಹೇಗೆ ನಡೆಯುತ್ತದೆಂದು ನಾನು ಅನುಮಾನಪಟ್ಟಿದ್ದೆ. ಒಲೆ ಏರುವ ಹಂತದಲ್ಲಿ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಏರಿಸುತ್ತಾರೆ, ಇಳಿಯುವ ಹಂತದಲ್ಲಿ ಹೋದರೆ ದಪ್ಪ ಇಟ್ಟಿಗೆಯೇ ಬಿಸಿಯನ್ನು ಹಿಡಿದುಕೊಂಡು ನಿಧಾನವಾಗಿ ಆರಿಸುತ್ತದೆ ಎಂದು ಅವರು ವಿವರಿಸಿದ ಮೇಲೆ ಅನುಮಾನ ಕಳೆಯಿತು. ಹೊರಬಂದ ವಸ್ತುವನ್ನು, ಹಾಳಾದ ಎಲ್‌ಸಿಡಿ ಪರದೆಗಳಿಂದ ಕಿತ್ತ ಎರಡು ಪೋಲರಾಯ್ಡ್ ಹಾಳೆಗಳನ್ನು ಅಡ್ಡಡ್ಡ ನಿಲ್ಲಿಸಿ, ನಡುವೆ ಹಿಡಿದು ತೋರಿಸುತ್ತಾರೆ. ಬಿಗಿತ ಉಳಿದಿದ್ದರೆ ಆ ಭಾಗ ಕತ್ತಲೆಯಲ್ಲಿ ಬೆಳ್ಳಗೆ ಹೊಳೆಯುತ್ತದೆ, ಇಲ್ಲವಾದರೆ ಇಡೀ ಗಾಜು ಕತ್ತಲೆಯಾಗಿಯೇ ಉಳಿಯುತ್ತದೆ. ಗಿರಾಕಿಗಳು ಇದನ್ನು ಕೇಳಿ ನೋಡಬೇಕೆಂದು ನನ್ನ ಸಲಹೆ, ಅವರು ಬೇಸರಿಸುವುದಿಲ್ಲ. ಮೂರು ವರ್ಷದ ಹಿಂದೆ ಇಲ್ಲಿ ಮಾಡಿಸಿದ ಎರಡು ಲೀಬಿಗ್ ಕಂಡೆನ್ಸರುಗಳು ವಿದ್ಯಾರ್ಥಿಗಳ ಕೈಯಲ್ಲಿ ಇನ್ನೂ ಬಾಳುತ್ತಿವೆ.

ನಿಯಾನ್ ಅಂಗಡಿಯ ಪುರಾವೆ ಎಂದೆನಲ್ಲ, ಅದು ಸಾಕ್ಸ್‌ಲೆಟ್ ಉಪಕರಣ. 1879ರಲ್ಲಿ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಹಾಲಿನ ಕೊಬ್ಬನ್ನು ಅಳೆಯಲು ರೂಪಿಸಿದ ಇದರಿಂದ ನಾವು ಕೊಬ್ಬರಿಯ ಎಣ್ಣೆಯನ್ನು ಬೇರ್ಪಡಿಸುತ್ತೇವೆ. ಆವಿಯಾಗಿ ಮೇಲೇರಿದ ದ್ರಾವಕ ತಣಿದು ಕೊಬ್ಬರಿಯ ಮೇಲೆ ಹನಿಯುತ್ತದೆ. ಮಟ್ಟ ಏರಿ ಬದಿಯಲ್ಲಿರುವ ತೆಳ್ಳನೆಯ ಸೈಫನ್ ಕೊಳವೆಯ ನೆತ್ತಿಯನ್ನು ಮುಟ್ಟಿದೊಡನೆ ಇಡಿಯಾಗಿ ಕೆಳಗಿನ ಫ್ಲಾಸ್ಕಿಗೆ ಇಳಿಯುತ್ತದೆ. ಒಡೆಯುವುದು ಯಾವಾಗಲೂ ಈ ಸೈಫನ್ ಕೊಳವೆಯೇ. ಅದರ ಬಾಗು ಎಲ್ಲಿಯಾದರೂ ಚಪ್ಪಟೆಯಾದರೆ ಹರಿವು ಅಲ್ಲಿ ತಡೆಯುತ್ತದೆ. ಕೊಳವೆ ಅಗಲವಾದರೆ ದ್ರಾವಕ ಕೂಡಲೇ ಇಳಿಯದೆ ಒಂದು ಕಡೆಯಿಂದ ತೊಟ್ಟಿಕ್ಕುತ್ತಾ ಹೋಗುತ್ತದೆ. ಬೇರೊಂದು ಕಡೆ ಸರಿಪಡಿಸಿಕೊಂಡು ಬಂದ ನಮ್ಮ ಹಳೆಯ ಸಾಕ್ಸ್‌ಲೆಟ್ ಹೀಗೆ ತೊಟ್ಟಿಕ್ಕುತ್ತಲೇ ಕಾಲ ಕಳೆಯುತ್ತಿತ್ತು. ಆಚಾರಿಗಳು ಅದನ್ನು ಕಿತ್ತು ಹೊಸ ಕೊಳವೆ ಹಾಕಿದರು. ನೆತ್ತಿಯ ಬಾಗು ಎಷ್ಟು ಸಮವಾಗಿದೆಯೆಂದರೆ ಒಳಗಿನ ವ್ಯಾಸ ಎಲ್ಲಿಯೂ ಬದಲಾಗಿಲ್ಲ. ಮೊದಲ ಸುತ್ತಿನಲ್ಲಿಯೇ ದ್ರಾವಕ ಗಟಗಟ ಇಳಿದಾಗ ಪ್ರಯೋಗಾಲಯದ ಸಹಾಯಕರು ಚಪ್ಪಾಳೆ ತಟ್ಟಿದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ಅದು ಯಾವುದೋ ಜವಳಿ ಅಂಗಡಿಯ 'ಗ' ಅಕ್ಷರದ ಬಾಗು.

ದುರಸ್ತಿಗೆ ಒಪ್ಪುವ ಮೊದಲು ಅವರು ಗಾಜನ್ನು ಪರೀಕ್ಷಿಸುವ ರೀತಿ ನನಗೆ ಬಹಳ ಮೆಚ್ಚಿಕೆಯಾದದ್ದು. ಸೋಡಾ ಗಾಜು ಬಿಸಿಗೆ ಹಿಗ್ಗುವ ಪ್ರಮಾಣ ಬೋರೋಸಿಲಿಕೇಟಿನ ಸುಮಾರು ಮೂರು ಪಟ್ಟು. ಎರಡನ್ನೂ ಬೆಸೆದರೆ ಆರುವಾಗ ಒಡೆಯುವುದು ಖಂಡಿತ. ಗುರುತಿಲ್ಲದ ತುಂಡು ಬಂದರೆ ಮೊದಲು ಗ್ಲಿಸರಿನ್ ತುಂಬಿದ ಲೋಟದಲ್ಲಿ ಮುಳುಗಿಸುತ್ತಾರೆ. ಗ್ಲಿಸರಿನ್, ಬೋರೋಸಿಲಿಕೇಟ್ ಎರಡರ ವಕ್ರೀಭವನಾಂಕವೂ, ಅಂದರೆ ಬೆಳಕನ್ನು ಬಾಗಿಸುವ ಪ್ರಮಾಣವೂ, 1.47ರ ಸಮೀಪವಿರುವುದರಿಂದ ಬೋರೋಸಿಲಿಕೇಟ್ ಅದರಲ್ಲಿ ಮಾಯವಾದಂತೆ ಕಾಣುತ್ತದೆ. ತೆಂಗಿನ ನಾಡಿನಲ್ಲಿದ್ದು ಗ್ಲಿಸರಿನಿಗೆ ಏಕೆ ಹಣ ಹಾಕುತ್ತೀರಿ ಎಂದು ಕೇಳಿದೆ. ತೆಂಗಿನೆಣ್ಣೆಯ ಅಂಕ 1.45ರ ಸುಮಾರು, ಅದರಲ್ಲಿ ಅಂಚು ಮಸುಕಾಗಿ ಉಳಿದು ಅನುಮಾನಕ್ಕೆ ಎಡೆಯಾಗುತ್ತದೆ ಎಂಬುದು ಉತ್ತರ. ಆಮೇಲೂ ಸಂಶಯವಿದ್ದರೆ ಆ ತುಂಡಿನ ಚೂರನ್ನು ತಮ್ಮ ಗಾಜಿನ ಚೂರಿನ ಪಕ್ಕಕ್ಕೆ ಬೆಸೆದು ಕೂದಲೆಳೆಯಷ್ಟು ತೆಳ್ಳಗೆ ಉದ್ದಕ್ಕೆ ಎಳೆಯುತ್ತಾರೆ. ಆರಿದ ಎಳೆ ನೆಟ್ಟಗೆ ನಿಂತರೆ ಎರಡೂ ಒಂದೇ ಜಾತಿ, ಬಾಗಿದರೆ ಕೆಲಸ ಬೇಡ.

ಅವರು ಒಪ್ಪದ ಕೆಲಸಗಳೂ ಕೆಲವಿವೆ. ಎರಡು ಲೀಟರಿನ ಫ್ಲಾಸ್ಕಿನ ತಳದಲ್ಲಿ ನಕ್ಷತ್ರದಂತೆ ಬಿರಿದ ಸೀಳನ್ನು ಮುಚ್ಚಿಕೊಡಿ ಎಂದು ನಾನು ಎಷ್ಟು ಕೇಳಿಕೊಂಡರೂ ಕೈಯಾಡಿಸಲಿಲ್ಲ. ಅಷ್ಟು ದೊಡ್ಡದನ್ನು ಸಮವಾಗಿ ತಿರುಗಿಸಲು ಲೇತ್ ಬೇಕು, ಅದು ಬೆಂಗಳೂರಿನಲ್ಲಿಯೇ ಉಳಿಯಿತು. ಸುಮಾರು ಎರಡು ಅಂಗುಲ ವ್ಯಾಸವನ್ನು ಮೀರಿದ ಕೊಳವೆ ಬಂದರೆ ಬೇರೆ ಕಡೆ ನೋಡಿ ಎನ್ನುತ್ತಾರೆ. ಅಳತೆಯ ಗೆರೆಗಳಿರುವ ಭಾಗಕ್ಕೆ ಉರಿ ತಾಗಿಸುವುದಿಲ್ಲ. ಮತ್ತೆ ಕಾದ ಗಾಜಿನ ಗಾತ್ರ ಬದಲಾಗಿ ಅಳತೆ ಸುಳ್ಳಾಗುತ್ತದೆ. ದ್ರವವನ್ನು ಹನಿಹನಿಯಾಗಿ ಅಳೆದು ಬಿಡುವ ಬ್ಯುರೆಟ್ಟಿನ ಮುರಿದ ತುದಿಯನ್ನು ಎಳೆದು ಕೊಡುತ್ತಾರೆ, ಅಷ್ಟೇ. ಪಾದರಸ ತಾಗಿದ ವಸ್ತುವನ್ನು ಒಳಗೇ ಬಿಡುವುದಿಲ್ಲ. ಪ್ರತಿಯೊಂದನ್ನೂ ಮೂಗಿನ ಬಳಿ ಹಿಡಿದು ದ್ರಾವಕದ ವಾಸನೆ ಇದೆಯೇ ಎಂದು ನೋಡುತ್ತಾರೆ, ಇದ್ದರೆ ತೊಳೆದು ತನ್ನಿ ಎಂದು ಹಿಂದೆ ಕಳುಹಿಸುತ್ತಾರೆ. ಬಸ್ಸಿನಲ್ಲಿ ಒಂದು ಗಂಟೆ ಬಂದವರಿಗೆ ಇದು ಸಿಟ್ಟು ತರಿಸಬಹುದು, ಆದರೆ ಈಥರಿನ ಪಸೆಯಿರುವ ಫ್ಲಾಸ್ಕನ್ನು ಆ ಜ್ವಾಲೆಯ ಮುಂದೆ ಹಿಡಿದರೆ ಏನಾಗುತ್ತದೆಂದು ರಸಾಯನಶಾಸ್ತ್ರದವರಿಗೆ ಹೇಳಿಕೊಡಬೇಕಾಗಿಲ್ಲ. ಉಪಕರಣಗಳನ್ನು ಒಂದಕ್ಕೊಂದು ಕೂಡಿಸುವ ಜಾಯಿಂಟುಗಳಲ್ಲಿ ಸಿಲಿಕೋನ್ ಗ್ರೀಸ್ ಉಳಿದಿದ್ದರೆ ಉರಿಯಲ್ಲಿ ಅದು ಬಿಳಿಯ ಕಲೆಯಾಗಿ ಕೂತು ಎಂದಿಗೂ ಹೋಗುವುದಿಲ್ಲ, ಅದನ್ನೂ ಮನೆಯಲ್ಲಿಯೇ ಒರೆಸಿ ತರುವುದು ಲೇಸು.

ಶೆಡ್ಡಿನ ಕೊರತೆಗಳನ್ನೂ ಹೇಳಬೇಕು. ಜಾಲರಿಯ ಮೂಲಕ ಗಾಳಿ ನೇರವಾಗಿ ಮೇಜಿಗೆ ಬೀಸುತ್ತದೆ, ಜ್ವಾಲೆ ಓಲಾಡುತ್ತದೆ. ಆಷಾಢದ ಇರುಚಲಿನ ಒಂದು ಹನಿ ಕಾದ ಗಾಜಿಗೆ ತಾಗಿದರೂ ದಿನದ ಶ್ರಮವೆಲ್ಲ ನೀರಿನಲ್ಲಿ ಹೋಮ. ಆದ್ದರಿಂದ ಜೂನಿನಿಂದ ಆಗಸ್ಟಿನವರೆಗೆ ಜೋರು ಮಳೆಯ ದಿನಗಳಲ್ಲಿ ಅವರು ಉರಿ ಹಚ್ಚುವುದಿಲ್ಲ, ಕಾಲೇಜುಗಳು ತೆರೆದು ಬೇಡಿಕೆ ಬರುವುದು ಆಗಲೇ. ಬೇಸಿಗೆಯಲ್ಲಿ ಫ್ಯಾನ್ ಹಾಕುವಂತಿಲ್ಲವಾದ್ದರಿಂದ ಹನ್ನೊಂದರಿಂದ ನಾಲ್ಕರವರೆಗೆ ಒಳಗೆ ನಿಲ್ಲಲಾಗದು. ಕಾದ ಗಾಜಿನ ಸೋಡಿಯಂನಿಂದ ಜ್ವಾಲೆಯಲ್ಲಿ ಏಳುವ ಹಳದಿ ಬೆಳಕನ್ನು ತಡೆಯುವ ನಸುನೇರಳೆ ಡಿಡೀಮಿಯಂ ಕನ್ನಡಕ ಅವರಲ್ಲಿ ಒಂದೇ ಇದೆ. ನೋಡಲು ನಿಂತ ಗಿರಾಕಿಗೆ ಉರಿಯ ಪ್ರಖರತೆಯೇ ಕಾಣುವುದು, ಕೈಚಳಕ ಕಾಣುವುದಿಲ್ಲ. ಇನ್ನೊಂದು ಕನ್ನಡಕ ಕೊಂಡಿಡಿ ಎಂದು ನಾನು ಹೇಳಿ ಎರಡು ವರ್ಷವಾಯಿತು.

ದರ ನ್ಯಾಯವಾಗಿದೆ. ಸಾಕ್ಸ್‌ಲೆಟ್ಟಿನ ಸೈಫನ್ನಿಗೆ ನಾನು ಕೊಟ್ಟದ್ದು 350 ರೂಪಾಯಿ, ಮುರಿದ ಬಿ24 ಅಳತೆಯ ಜಾಯಿಂಟನ್ನು ಬದಲಿಸಲು ಜಾಯಿಂಟಿನ ಬೆಲೆ ಸೇರಿ 280. ತೊಡಕಿರುವುದು ಬಿಲ್ಲಿನಲ್ಲಿ. ನೋಟುಪುಸ್ತಕದ ಅರ್ಧ ಹಾಳೆಯಲ್ಲಿ ದುಂಡಗಿನ ಕನ್ನಡದಲ್ಲಿ 'ಕುಪ್ಪಿ ಬೆಸೆದದ್ದಕ್ಕೆ' ಎಂದು ಬರೆದು ಸಹಿ ಹಾಕಿ ಕೊಡುತ್ತಾರೆ. ಜಿಎಸ್‌ಟಿ ಸಂಖ್ಯೆಯಿಲ್ಲದ, ಮಲಯಾಳವೂ ಇಂಗ್ಲಿಷೂ ಅಲ್ಲದ ಆ ಚೀಟಿಯನ್ನು ನಮ್ಮ ಕಚೇರಿ ಎರಡು ಬಾರಿ ತಿರಸ್ಕರಿಸಿತು, ಎರಡೂ ಬಾರಿ ಹಣ ನನ್ನ ಕೈಯಿಂದಲೇ ಹೋಯಿತು. ಭಾಷೆಯ ಮಾತನ್ನು ನಾನು ಕಚೇರಿಯೊಂದಿಗೆ ಜಗಳವಾಡಿ ಗೆಲ್ಲಬಲ್ಲೆ, ಜಿಎಸ್‌ಟಿಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಹೇಳಿದ ದಿನಕ್ಕೆ ಕೆಲಸ ಮುಗಿಯುವುದು ಅರ್ಧದಷ್ಟು ಬಾರಿ ಮಾತ್ರ. ಕಡಿಮೆ ವಸ್ತುಗಳಿಗಾಗಿ ಒಲೆ ಹೊತ್ತಿಸಿದರೆ ಕರೆಂಟಿನ ಖರ್ಚು ಹುಟ್ಟುವುದಿಲ್ಲವೆಂದು, ಒಲೆ ತುಂಬುವಷ್ಟು ಕೆಲಸ ಸೇರುವವರೆಗೆ ಅವರು ಕಾಯುತ್ತಾರೆ. ನಾಲ್ಕಾರು ಕಾಲೇಜಿನವರು ಮಾತಾಡಿಕೊಂಡು ಒಟ್ಟಿಗೆ ಕೊಟ್ಟರೆ ಎರಡು ದಿನಗಳಲ್ಲಿ ಎಲ್ಲವೂ ಸಿಗುತ್ತದೆ. ಕಳೆದ ಫೆಬ್ರವರಿಯಲ್ಲಿ ನಾವು ಮೂವರು ಹಾಗೆ ಮಾಡಿದೆವು.

ಈಗ ಅವರ ಬಳಿ ನಮ್ಮ ಕ್ಲೆವೆಂಜರ್ ಉಪಕರಣ ಇದೆ. ಕಾಳುಮೆಣಸಿನ ಆವಿಯಾಗುವ ಎಣ್ಣೆಯನ್ನು ಅಳೆಯಲು ಬಳಸುತ್ತಿದ್ದ ಅದರಲ್ಲಿ ನೀರು ಫ್ಲಾಸ್ಕಿಗೆ ಮರಳುವ ಓರೆಕೊಳವೆ ಮುರಿದಿದೆ, ಪಕ್ಕದಲ್ಲಿಯೇ ಗೆರೆಗಳಿರುವ ಅಳತೆಯ ಕೊಳವೆ ಇದೆ. ಗೆರೆಗಳ ಸುತ್ತ ಒದ್ದೆ ಬಟ್ಟೆ ಸುತ್ತುವುದೋ, ಅಳತೆಯ ಕೊಳವೆಯನ್ನೇ ಬಿಡಿಸಿ ಕೊನೆಯಲ್ಲಿ ಕೂಡಿಸುವುದೋ ಎಂದು ಅವರು ಒಂದು ವಾರದಿಂದ ಯೋಚಿಸುತ್ತಿದ್ದಾರೆ. ಹೋಗುವವರು ಬೆಳಗ್ಗೆ ಎಂಟರಿಂದ ಹನ್ನೊಂದರೊಳಗೆ ಹೋಗಬೇಕು. ಉರಿಯ ಮುಂದೆ ಕುಳಿತಾಗ ಅವರು ಫೋನು ಎತ್ತುವುದಿಲ್ಲ, ಆದ್ದರಿಂದ ಹಿಂದಿನ ರಾತ್ರಿಯೇ ಮಾತಾಡಿಕೊಳ್ಳುವುದು ಒಳ್ಳೆಯದು. ಬಸ್ಸಿಳಿದ ಮೇಲೆ 'ಗ್ಲಾಸ್ ಬ್ಲೋವರ್' ಎಂದು ಕೇಳಿದರೆ ಕಿಟಕಿಗೆ ಗಾಜು ಹಾಕುವವರ ಅಂಗಡಿಯನ್ನು ತೋರಿಸುತ್ತಾರೆ. ಕುಪ್ಪಿ ಆಚಾರಿಗಳು ಎಂದೇ ಕೇಳಬೇಕು.